ಟ್ಯಾಟ್ ಪೆಪ್ಟೈಡನ್ನು ಲೈಪೋಸೋಮಿಗೆ ಅಂಟಿಸುವ ಬಗೆ

ಮದ್ದು ತುಂಬಿದ ಲೈಪೋಸೋಮನ್ನು (ಕೊಬ್ಬಿನ ಪೊರೆಯ ಅತಿಸಣ್ಣ ಗುಳ್ಳೆ) ಜೀವಕೋಶದೊಳಗೆ ನುಗ್ಗಿಸಲು ಅದರ ಮೈಗೆ ಟ್ಯಾಟ್ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ಅಂಟಿಸುತ್ತಾರೆ. ಟ್ಯಾಟ್ ಎಂದರೆ ಎಚ್‌ಐವಿ ಪ್ರೋಟೀನಿನ ಒಂದು ಚೂರು, ಸೋಂಕು ತರುವುದಿಲ್ಲ. ತುದಿಯಲ್ಲಿ ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ; ಅಂಟುವುದು ಇದರ ಮೂಲಕವೇ) ಇರುವುದನ್ನೇ ತರಿಸಿ. ಮಂಗಳೂರಿನ ಮಳೆಗಾಲದಲ್ಲಿ ಮೊದಲ ಎಡವಟ್ಟು ಇಲ್ಲೇ: ಫ್ರೀಜರಿನಿಂದ ತೆಗೆದ ಸೀಸೆಯನ್ನು ಕೂಡಲೇ ತೆರೆದರೆ ಪುಡಿ ತೇವ ಹೀರಿ ಅಂಟಂಟಾಗುತ್ತದೆ, ತೂಕವೂ ಸುಳ್ಳಾಗುತ್ತದೆ. ಅರ್ಧ ಗಂಟೆ ಹೊರಗಿಟ್ಟು ಮುಚ್ಚಳ ತೆಗೆಯಿರಿ.

ಲೈಪೋಸೋಮಿನಲ್ಲಿ ಮೆಲಿಮೈಡ್ ಲಿಪಿಡ್ (ಸಿಸ್ಟೀನನ್ನು ಹಿಡಿಯುವ ಕೊಂಡಿಯಿರುವ ಕೊಬ್ಬು) 1–2 ಮೋಲ್ ಶೇಕಡಾ, ಅಂದರೆ ನೂರು ಲಿಪಿಡ್ ಅಣುಗಳಲ್ಲಿ ಒಂದೆರಡು, ಸಾಕು. ಆಸೆಬಿದ್ದು ಹೆಚ್ಚಿಸಿದರೆ ಕಣಗಳು ಗಂಟುಕಟ್ಟಬಹುದು. ಪಿಎಚ್ 6.5ರಿಂದ 7ರೊಳಗೆ ಬೆರೆಸಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ. ಪಿಎಚ್ 7.5 ದಾಟಿದರೆ ಮೆಲಿಮೈಡ್ ಪೆಪ್ಟೈಡಿನ ಇನ್ನೊಂದು ಅಮೈನೋ ಆಮ್ಲವಾದ ಲೈಸೀನಿಗೂ ಅಂಟತೊಡಗುತ್ತದೆ. ಅಂಟದೆ ಉಳಿದ ಪೆಪ್ಟೈಡನ್ನು ಡಯಾಲಿಸಿಸ್ ಮಾಡಿ (ಸಣ್ಣ ರಂಧ್ರಗಳ ಪೊರೆಯ ಮೂಲಕ ಹೊರಬಿಟ್ಟು) ತೆಗೆಯಿರಿ.

ಹೊಳೆಯುವ ಬಣ್ಣ ಸೇರಿಸಿದ ಲೈಪೋಸೋಮನ್ನು ಕೋಶಗಳಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಜೀವಕೋಶ ಹೊಳೆಯಿತೆಂದು ಹಿಗ್ಗಬೇಡಿ. ಧನ ವಿದ್ಯುದಂಶದ ಟ್ಯಾಟ್ ಹೊರಪೊರೆಗೇ ಅಂಟಿರಬಹುದು. ಹೊರಗೆ ಅಂಟಿದ್ದನ್ನು ಕತ್ತರಿಸುವ ಟ್ರಿಪ್ಸಿನ್ ಕಿಣ್ವ ಹಾಕಿ ತೊಳೆದು, ಫಾರ್ಮಾಲಿನ್ ಮುಟ್ಟಿಸದೆ ಜೀವಂತ ಕೋಶವನ್ನೇ ನೋಡಿ. ಬೆಳಕು ಚುಕ್ಕೆಚುಕ್ಕೆಯಾಗಿ ಕಂಡರೆ ಮದ್ದು ಬಹುಶಃ ಎಂಡೋಸೋಮಿನಲ್ಲೇ (ಹೊರಗಿನದನ್ನು ಒಳಗೆಳೆದು ಕೋಶ ಕಟ್ಟಿಕೊಳ್ಳುವ ಚೀಲ) ಸಿಕ್ಕಿಬಿದ್ದಿದೆ.