ಅಡುಗೆಮನೆ ಕಟ್ಟೆಗೆ ಗ್ರಾನೈಟ್: ಆರಿಸುವುದು ಹೇಗೆ, ಹಾಕಿಸುವುದು ಹೇಗೆ

ಹೊಸ ಮನೆಯ ಅಡುಗೆಮನೆಗೆ ಕಾಲಿಟ್ಟಾಗ ನನ್ನ ಕಣ್ಣು ಮೊದಲು ಹೋಗುವುದು ಸಿಂಕಿನ ಮುಂದಿರುವ ಕಿರಿದಾದ ಪಟ್ಟಿಯ ಮೇಲೆ. ಕಟ್ಟೆಯ ಕಲ್ಲು ಬಿರುಕು ಬಿಡುವುದಿದ್ದರೆ ಬಹುತೇಕ ಅಲ್ಲಿಯೇ ಬಿಡುತ್ತದೆ. ಬಣ್ಣ ಆರಿಸಲು ಮೂರು ಭಾನುವಾರ ಅಂಗಡಿ ಅಲೆಯುವ ಮನೆಯವರು, ಕಲ್ಲನ್ನು ಕತ್ತರಿಸಿ ಕೂರಿಸುವ ದಿನ ಮಾತ್ರ ಕೀಲಿಕೈಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಕಚೇರಿಗೆ ಹೋಗಿರುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಎರಡನೆಯ ಮಳೆಗಾಲದ ಹೊತ್ತಿಗೆ ಸಿಂಕಿನ ಮೂಲೆಯಿಂದ ಕಟ್ಟೆಯ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಗೆರೆ ಮೂಡಿತು. ಅಕ್ಕಿ ತೊಳೆದ ನೀರು ಅದರೊಳಗೆ ಇಳಿದು ಕೆಳಗಿನ ಕಪಾಟಿನ ಪ್ಲೈವುಡ್ ಉಬ್ಬಿತು.

ಮೊದಲು ಸಿಂಕ್, ಆಮೇಲೆ ಕಲ್ಲು

ಕಲ್ಲು ನೋಡಲು ಹೋಗುವ ಮುನ್ನವೇ ಸಿಂಕ್ ಕೊಂಡು ಮನೆಯಲ್ಲಿಟ್ಟುಕೊಳ್ಳಬೇಕು. ನಮ್ಮಲ್ಲಿ ಕಟ್ಟೆಯ ಅಗಲ ಸಾಮಾನ್ಯವಾಗಿ 24 ಇಂಚು. ಮುಂದಿನಿಂದ ಹಿಂದಕ್ಕೆ 18 ಇಂಚಿನ ಸಿಂಕ್ ಇಟ್ಟರೆ ಮುಂದೆ 3, ಹಿಂದೆ 3 ಇಂಚು ಕಲ್ಲು ಉಳಿಯುತ್ತದೆ; 20 ಇಂಚಿನದನ್ನು ತಂದರೆ ಎರಡೂ ಕಡೆ ಎರಡೆರಡೇ ಇಂಚು ಉಳಿದು ಪಟ್ಟಿ ದುರ್ಬಲವಾಗುತ್ತದೆ. ನಲ್ಲಿಯನ್ನು ಗೋಡೆಯಲ್ಲಿಯೇ ಇಡಿಸಿದರೆ ಹಿಂದಿನ ಪಟ್ಟಿಗೆ ಮತ್ತೊಂದು ತೂತು ಬೀಳುವುದು ತಪ್ಪುತ್ತದೆ. ಇನ್ನು ಎತ್ತರ: ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರ ಮೊಣಕೈಯಿಂದ ಐದಾರು ಇಂಚು ಕೆಳಗಿದ್ದರೆ ಸರಿ. ಕಲ್ಲು ಮತ್ತು ಅದರ ಕೆಳಗಿನ ಗಾರೆ ಸೇರಿ ಒಂದೂಮುಕ್ಕಾಲು ಇಂಚಿನಷ್ಟು ಏರುತ್ತದೆ ಎಂಬುದನ್ನು ಮರೆತು ಗೋಡೆ ಕಟ್ಟಿಸಿದವರು, ಕುಕ್ಕರಿನೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲುವುದನ್ನು ಕಂಡಿದ್ದೇನೆ.

ಕಲ್ಲಿನ ಪರೀಕ್ಷೆ

ಬೆಂಗಳೂರಿನ ಸುತ್ತಮುತ್ತಲಿನವರಿಗೆ ಜಿಗಣಿ ಹತ್ತಿರ. ಉಳಿದ ಊರುಗಳಲ್ಲಿಯೂ ಗ್ರಾನೈಟ್ ದಾಸ್ತಾನಿನ ಅಂಗಳಗಳಿವೆ. ಇಳಕಲ್ಲಿನ ಕೆಂಪು, ಹಾಸನದ ಹಸಿರು, ಆಂಧ್ರದ ಚೀಮಕುರ್ತಿಯಿಂದ ಬರುವ ಚುಕ್ಕಿಗಳ ಗ್ಯಾಲಕ್ಸಿ ಎಲ್ಲವೂ ಚೆಲುವೇ. ಆದರೆ ನನ್ನನ್ನು ಕೇಳಿದರೆ ಅಡುಗೆಮನೆಗೆ ಚಾಮರಾಜನಗರದ ಕಡೆಯ ಕಪ್ಪು ಕಲ್ಲೇ ಆಗಬೇಕು. ಭೂವಿಜ್ಞಾನದ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡೊಲರೈಟ್ ಜಾತಿಯ ಶಿಲೆ; ಕಣಗಳು ಒತ್ತೊತ್ತಾಗಿರುವುದರಿಂದ ಅರಿಸಿನವಾಗಲಿ ಎಣ್ಣೆಯಾಗಲಿ ಸುಲಭವಾಗಿ ಒಳಗೆ ಇಳಿಯುವುದಿಲ್ಲ. ತಿಳಿಬಣ್ಣದ ಕಲ್ಲು ಹಾಕಿಸಿದವರು ಒಗ್ಗರಣೆಯ ಕಲೆಗಳನ್ನು ಲೆಕ್ಕ ಹಾಕುತ್ತ ಕೂರಬೇಕಾಗುತ್ತದೆ.

ಕಪ್ಪು ಕಲ್ಲಿನಲ್ಲಿ ಮೋಸವೂ ಇದೆ. ಬೂದುಬಣ್ಣದ ಅಗ್ಗದ ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುತ್ತಾರೆ. ಜೇಬಿನಲ್ಲಿ ನೇಲ್ ಪಾಲಿಷ್ ಅಳಿಸುವ ಅಸಿಟೋನಿನ ಪುಟ್ಟ ಸೀಸೆ ಮತ್ತು ಸ್ವಲ್ಪ ಹತ್ತಿ ಇಟ್ಟುಕೊಂಡು ಹೋಗಿ, ಮೂಲೆಯೊಂದನ್ನು ಗಟ್ಟಿಯಾಗಿ ಉಜ್ಜಿ ನೋಡಬೇಕು. ಹತ್ತಿ ಕಪ್ಪಾದರೆ ಅಲ್ಲಿಂದ ಹೊರಡಬೇಕು. ಮುಂದೆ ಕಲ್ಲಿನ ಮೇಲೆ ನೀರು ಚಿಮುಕಿಸಿ ಒರೆಸಿ ಕಾಯಬೇಕು. ಮೇಲ್ಮೈಯೆಲ್ಲ ಒಣಗಿದ ಮೇಲೂ ಒದ್ದೆ ಗೆರೆಯೊಂದು ಉಳಿದರೆ ಅದು ಕಲ್ಲಿನ ಸಹಜ ನರವಲ್ಲ, ಸೀಳು. ಹಿಂಬದಿಗೆ ನಾರಿನ ಬಲೆ ಅಂಟಿಸಿದ್ದರೆ ಕಲ್ಲು ತನ್ನಷ್ಟಕ್ಕೆ ನಿಲ್ಲುವಷ್ಟು ಗಟ್ಟಿಯಿಲ್ಲವೆಂದು ತಿಳಿಯಬಹುದು. ದಪ್ಪವನ್ನು ಒಂದೇ ಕಡೆ ಅಳೆಯದೆ ನಾಲ್ಕೈದು ಕಡೆ ಅಳೆದು, ಎಲ್ಲಿಯೂ 18 ಮಿಲಿಮೀಟರಿಗಿಂತ ಕಡಿಮೆಯಿಲ್ಲದ್ದನ್ನೇ ಆರಿಸಬೇಕು. ಮುರಿದ ಅಂಚನ್ನೂ ಚದರ ಅಡಿಯ ಲೆಕ್ಕಕ್ಕೆ ಸೇರಿಸುತ್ತಾರೆಯೇ ಎಂಬುದನ್ನು ದರ ಮಾತಾಡುವಾಗಲೇ ಕೇಳಿಬಿಡಬೇಕು.

ಲೆದರ್ ಫಿನಿಶ್ ಎಂಬ ತರಿತರಿ ಮೈಯ ಕಲ್ಲು ಈಗ ಚಾಲ್ತಿಯಲ್ಲಿದೆ. ರಾಗಿಮುದ್ದೆ, ಚಪಾತಿ ಹಿಟ್ಟು ದಿನವೂ ಬೀಳುವ ಮನೆಗೆ ಅದು ಬೇಡ.

ಸಾಗಿಸುವಾಗ ಕಲ್ಲನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿಯೇ ಹೊರಬೇಕು. 8 ಅಡಿ ಉದ್ದ, 2 ಅಡಿ ಅಗಲ, 20 ಮಿಲಿಮೀಟರ್ ದಪ್ಪದ ಕಲ್ಲು 80ರಿಂದ 90 ಕಿಲೋ ತೂಗುತ್ತದೆ. ಚಪ್ಪಟೆಯಾಗಿ ಎತ್ತಿದರೆ ತನ್ನ ಭಾರಕ್ಕೆ ತಾನೇ ನಡುವಿನಲ್ಲಿ ಮುರಿಯಬಲ್ಲದು.

ಸಿಂಕಿನ ಕಿಂಡಿ ಕತ್ತರಿಸುವ ದಿನ

ಈ ದಿನ ರಜೆ ಹಾಕಿ ಮನೆಯಲ್ಲಿರಬೇಕು. ಕತ್ತರಿಸುವ ಯಂತ್ರದ ಬ್ಲೇಡ್ ದುಂಡಗಿರುವುದರಿಂದ, ಮೇಲೆ ಎಳೆದ ಗೆರೆಯ ತುದಿ ಮುಟ್ಟಿದಾಗ ಕಲ್ಲಿನ ಕೆಳಮೈಯಲ್ಲಿ ಇನ್ನೂ ಸ್ವಲ್ಪ ಭಾಗ ಕತ್ತರಿಸದೆ ಉಳಿದಿರುತ್ತದೆ. ಅದನ್ನು ಮುಗಿಸಲು ಕೆಲಸಗಾರ ಬ್ಲೇಡನ್ನು ಗೆರೆಯಾಚೆಗೆ ಅರ್ಧ ಇಂಚು ಓಡಿಸುತ್ತಾನೆ. ಮೂಲೆಯಾಚೆ ಬಿದ್ದ ಆ ಗಾಯವನ್ನು ಸಿಂಕಿನ ಅಂಚು ಮುಚ್ಚುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಮತ್ತು ಮುಂದೆ ಬಿರುಕು ಹೊರಡುವುದು ಅಲ್ಲಿಂದಲೇ. ನನ್ನ ಕಲ್ಲನ್ನು ಕಿತ್ತು ತೆಗೆದಾಗ ನಾಲ್ಕು ಮೂಲೆಗಳಲ್ಲಿಯೂ ಇಂಥ ಗಾಯಗಳಿದ್ದವು.

ಸರಿಯಾದ ಕ್ರಮ ಹೀಗಿದೆ. ಗುರುತು ಹಾಕಿದ ಚೌಕದ ನಾಲ್ಕು ಮೂಲೆಗಳ ಒಳಗೆ ಮೊದಲು ಡ್ರಿಲ್ಲಿನಿಂದ ಅರ್ಧ ಇಂಚಿನ ದುಂಡು ತೂತು ಕೊರೆಯಬೇಕು. ಆಮೇಲೆ ಒಂದು ತೂತಿನಿಂದ ಇನ್ನೊಂದಕ್ಕೆ ನೇರವಾಗಿ ಕತ್ತರಿಸಿ, ಬ್ಲೇಡನ್ನು ತೂತಿನ ಅಂಚಿಗೇ ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಬಿಡಿಸಬೇಕು. ಮೂಲೆ ದುಂಡಗಿದ್ದರೆ ಒತ್ತಡ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುವುದಿಲ್ಲ. ನಾಲ್ಕನೆಯ ಬದಿ ಕತ್ತರಿಸುವಾಗ ನಡುವಿನ ತುಂಡಿಗೆ ಕೆಳಗಿನಿಂದ ಮರದ ಆಸರೆ ಇರಲೇಬೇಕು. ಇಲ್ಲದಿದ್ದರೆ ಅದು ತನ್ನ ಭಾರಕ್ಕೆ ಜಗ್ಗಿ ಕೊನೆಯ ಮೂಲೆಯನ್ನು ಕಿತ್ತುಕೊಂಡು ಬೀಳುತ್ತದೆ. ಅಳತೆ ಸಿಂಕಿನ ಜೊತೆ ಬರುವ ಕಾಗದದ ಅಚ್ಚಿನದಾಗಿರಬೇಕು, ಸಿಂಕಿನ ಹೊರ ಅಂಚಿನದಲ್ಲ.

ಇದೆಲ್ಲವೂ ಬಯಲಿನಲ್ಲಿ, ಬ್ಲೇಡಿಗೆ ಸತತವಾಗಿ ನೀರು ಬಿಡುತ್ತ ನಡೆಯಬೇಕು. ಒಣ ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡುವ ಹುಡುಗನಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ.

ಹೊರ ಅಂಚಿಗೆ ಸಾದಾ ಅರ್ಧದುಂಡು ಸಾಕು. ಅಂಚಿನ ಕೆಳಮೈಯಲ್ಲಿ, ತುದಿಯಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಕಾಲುವೆಯಂಥ ಸಣ್ಣ ಗೆರೆಯೊಂದನ್ನು ಕೊರೆಸಬೇಕು. ಚೆಲ್ಲಿದ ನೀರು ಕಪಾಟಿನ ಬಾಗಿಲಿಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಹೇಳದಿದ್ದರೆ ಇದನ್ನು ಯಾರೂ ಮಾಡುವುದಿಲ್ಲ.

ಕೂರಿಸುವುದು

ಕೆಳಗಿನ ಕಡಪ ಕಲ್ಲು ಅಥವಾ ಕಾಂಕ್ರೀಟ್ ಹಾಸನ್ನು ನೀರಿನಿಂದ ನೆನೆಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯನ್ನು ಪೂರ್ತಿ ಹರಡಬೇಕು. ಅಲ್ಲಲ್ಲಿ ಗಾರೆಯ ಉಂಡೆಗಳನ್ನಿಟ್ಟು ಅವುಗಳ ಮೇಲೆ ಕಲ್ಲನ್ನು ಕೂರಿಸುವುದು ಮೇಸ್ತ್ರಿಗಳ ಅಡ್ಡದಾರಿ. ಉಂಡೆಗಳ ನಡುವೆ ಕಲ್ಲಿನ ಕೆಳಗೆ ಗಾಳಿಯಷ್ಟೇ ಇರುತ್ತದೆ, ಗ್ರೈಂಡರಿನ ಭಾರ ಬಿದ್ದ ದಿನ ಅದು ಗೊತ್ತಾಗುತ್ತದೆ. ಕಲ್ಲಿನ ಹಿಂಬದಿಗೆ ಸಿಮೆಂಟ್ ಹಾಲು ಬಳಿದು, ಕೂರಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಬೇಕು. ಗೋಡೆಯ ಕಡೆಗೆ ಇಳಿಜಾರು ಆಗಲೇಬಾರದು. ಸಿಂಕಿನ ಕಡೆಗೆ ಓಟ ಕೊಡುತ್ತೇನೆ ಎನ್ನುವ ಮೇಸ್ತ್ರಿಗೂ ಬೇಡವೆನ್ನಿ. ಓಟ ಕೊಟ್ಟ ಕಟ್ಟೆಯಲ್ಲಿ ದೋಸೆಕಾವಲಿಯ ಎಣ್ಣೆಯೆಲ್ಲ ಒಂದೇ ಬದಿಗೆ ಸೇರುತ್ತದೆ. ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ಸಮ ನೋಡಬೇಕು.

ಕಟ್ಟೆ ತಿರುಗುವ ಮೂಲೆಯಲ್ಲಿ ಜೋಡಣೆ ನೇರವಾಗಿರಲಿ. ಓರೆಯಾಗಿ ಸೇರಿಸಿದರೆ ಕಲ್ಲೂ ವ್ಯರ್ಥ, ಚೂಪು ತುದಿಯೂ ಮುರಿಯುತ್ತದೆ. ಸಂದಿಗೆ ಬಣ್ಣ ಹೊಂದಿಸಿದ ಎಪಾಕ್ಸಿ ಅಂಟು ತುಂಬಬೇಕು. ಬಿಳಿ ಸಿಮೆಂಟಿಗೆ ಕಪ್ಪು ಪುಡಿ ಕಲಸಿ ತುಂಬಿದ್ದು ಕೆಲವೇ ತಿಂಗಳಲ್ಲಿ ಪಾತ್ರೆ ತೊಳೆದ ನೀರಿನೊಂದಿಗೆ ಹೋಗುತ್ತದೆ. ಗೋಡೆಯ ಟೈಲ್ಸನ್ನು ಕಲ್ಲು ಕೂರಿಸಿದ ಮೇಲೆಯೇ, ಅದರ ಮೇಲೆ ಬರುವಂತೆ ಹಾಕಿಸಬೇಕು.

ಮೂರು ದಿನ ಕಟ್ಟೆಯನ್ನು ಮುಟ್ಟಬಾರದು. ಗ್ರೈಂಡರ್ ಒಂದು ವಾರ ಕಾಯಲಿ. ಹಣ ತೀರಿಸುವ ಮುನ್ನ ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ ಮೇಸ್ತ್ರಿಗೆ ತೋರಿಸಬೇಕು. ಕೊನೆಯ ದಿನ ಶುಚಿಗೆಂದು ಆ್ಯಸಿಡ್ ಸುರಿಯಲು ಬಿಡಬಾರದು. ಒತ್ತುಕಣದ ಕಪ್ಪು ಕಲ್ಲಿಗೆ, ಕಲೆ ಒಳಗಿಳಿಯದಂತೆ ತಡೆಯುವ ಸೀಲರ್ ಎಂಬ ಲೇಪ ಹಚ್ಚಿಸುವ ಖರ್ಚೂ ಬೇಡ. ಹೀರದ ಕಲ್ಲಿನ ಮೇಲೆ ಅದು ಮಂಜಿನಂತೆ ಉಳಿಯುತ್ತದೆ.

ಸಿಂಕಿಗಾಗಿ ಕತ್ತರಿಸಿ ತೆಗೆದ ತುಂಡನ್ನು ಕೆಲಸದವರು ಸದ್ದಿಲ್ಲದೆ ಆಟೋಗೆ ಏರಿಸುವುದುಂಟು. ಚದರ ಅಡಿಗೆ ದುಡ್ಡು ಕೊಟ್ಟವರು ನೀವು. ಅಂಚು ಉಜ್ಜಿಸಿ ಇಟ್ಟುಕೊಳ್ಳಿ. ಎಪಾಕ್ಸಿಯ ಬಣ್ಣ ಹೊಂದುತ್ತದೆಯೇ ಎಂದು ಮೊದಲು ನೋಡುವುದೂ ಅದರ ಮೇಲೆಯೇ. ನಮ್ಮ ಮನೆಯಲ್ಲಿ ಎರಡನೆಯ ಸಲದ ಕಲ್ಲಿನ ತುಂಡು ಚಪಾತಿ ಲಟ್ಟಿಸುವ ಮಣೆಯಾಗಿದೆ.