ಗಿಬ್ ರಿವರ್ ರಸ್ತೆ: ಟೈರು, ನೀರು ಮತ್ತು ನಿಧಾನದ ಪ್ರಯಾಣ

ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದಲ್ಲಿ, ಡರ್ಬಿಯಿಂದ ಕುನುನರಾ ಕಡೆಗೆ ಸಾಗುವ ಗಿಬ್ ರಿವರ್ ರಸ್ತೆಯ ಉದ್ದ ಸುಮಾರು 660 ಕಿಲೋಮೀಟರ್. ಒಳನಾಡಿನ ದನದ ಸ್ಟೇಷನ್ನುಗಳಿಂದ, ಅಂದರೆ ದನ ಸಾಕುವ ವಿಶಾಲ ಜಮೀನುಗಳಿಂದ, ಜಾನುವಾರುಗಳನ್ನು ಡರ್ಬಿ ಮತ್ತು ವಿಂಡಮ್ ಬಂದರುಗಳಿಗೆ ಸಾಗಿಸಲೆಂದು ನಿರ್ಮಿಸಿದ ಈ ದಾರಿಯನ್ನು ನಾನು ಕುಟುಂಬದೊಂದಿಗೆ, ಫೋರ್ ವೀಲ್ ಡ್ರೈವ್ ವಾಹನದಲ್ಲಿ, ಡೇರೆಯಲ್ಲಿ ತಂಗುತ್ತಾ ಕ್ರಮಿಸಿದೆ. ದಿನಕ್ಕೆ ಎಷ್ಟು ದೂರ ಎಂಬ ಲೆಕ್ಕವನ್ನು ಬದಿಗಿಟ್ಟು ಟೈರು ಮತ್ತು ನೀರಿನ ಲೆಕ್ಕ ಹಿಡಿದವರಿಗೆ ಮಾತ್ರ ಈ ದಾರಿ ಒಲಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡಾಂಬರು ಮುಗಿದೊಡನೆ ವಾಹನ ನಿಲ್ಲಿಸಿ, ಟೈರಿನ ಗಾಳಿಯನ್ನು 40 ಪಿಎಸ್‌ಐ ಆಸುಪಾಸಿನಿಂದ 28ಕ್ಕೆ ಇಳಿಸಿದೆ. ಬಿಗಿಯಾದ ಟೈರನ್ನು ಚೂಪು ಕಲ್ಲು ಸೀಳುತ್ತದೆ. ಸಡಿಲವಾದ ಟೈರು ಅದೇ ಕಲ್ಲಿನ ಮೇಲೆ ಬಾಗಿ ಹಾದುಹೋಗುತ್ತದೆ. ತಗಡಿನ ಶೀಟಿನಂತೆ ಅಡ್ಡಡ್ಡಲಾಗಿ ಏರಿಳಿಯುವ ನೆಲದ ಅದುರುವಿಕೆಯೂ ಇದರಿಂದ ತಗ್ಗುತ್ತದೆ. ಆದರೆ ಕಡಿಮೆ ಗಾಳಿಯ ಟೈರು ವೇಗ ಹೆಚ್ಚಿದಷ್ಟೂ ಕಾಯುವುದರಿಂದ, ಗಂಟೆಗೆ 70 ಕಿಲೋಮೀಟರನ್ನು ಮೀರದೆ, ನಿಂತಾಗಲೆಲ್ಲ ಟೈರನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದೆ. ಎರಡು ಸ್ಟೆಪ್ನಿ, ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಕಂಪ್ರೆಸರ್ ಇಲ್ಲದೆ ಇಲ್ಲಿಗೆ ಹೊರಡಬಾರದು. ಕುಡಿಯುವುದಕ್ಕೂ ಅಡುಗೆಗೂ ತಲಾ ದಿನಕ್ಕೆ 7 ಲೀಟರ್ ನೀರೆಂದು ಲೆಕ್ಕ ಹಾಕಿ, ಒಂದು ಸೋರಿದರೂ ಉಳಿದದ್ದು ದಕ್ಕಲೆಂದು ಬೇರೆಬೇರೆ ಕ್ಯಾನುಗಳಲ್ಲಿ ತುಂಬಿಸಿದ್ದೆ. ಡೀಸೆಲ್ಲನ್ನು ಮೌಂಟ್ ಬಾರ್ನೆಟ್ ರೋಡ್‌ಹೌಸಿನಲ್ಲಿ ಮತ್ತೆ ತುಂಬಿಸಿಕೊಂಡೆವು.

ಕಂದರಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ವಿಂಜಾನಾ. ಅದರ ಸುಣ್ಣಕಲ್ಲಿನ ಗೋಡೆಗಳು ಮುನ್ನೂರೈವತ್ತು ದಶಲಕ್ಷ ವರ್ಷಗಳಿಗೂ ಹಿಂದಿನ ಡೆವೋನಿಯನ್ ಕಾಲದ ಸಮುದ್ರದಲ್ಲಿ ಜೀವಿಗಳು ಕಟ್ಟಿದ ದಿಬ್ಬಗಳು. ಕೆಳಗೆ ಲೆನಾರ್ಡ್ ನದಿಯ ಮಡುಗಳ ದಂಡೆಯಲ್ಲಿ ಸಿಹಿನೀರಿನ ಮೊಸಳೆಗಳು ಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತವೆ. ಸಮೀಪದ ಟನಲ್ ಕ್ರೀಕಿನ ಗುಹೆಯನ್ನು ಟಾರ್ಚ್ ಹಿಡಿದು, ನೀರಿನಲ್ಲಿ ಕಾಲಿಡುತ್ತಾ ದಾಟಬೇಕು. ವಸಾಹತುಗಾರರನ್ನು ಎದುರಿಸಿದ ಬುನುಬಾ ಮೂಲನಿವಾಸಿ ಜನಾಂಗದ ಹೋರಾಟಗಾರ ಜಾಂಡಮರ್ರಾ 1897ರಲ್ಲಿ ಕೊಲ್ಲಲ್ಪಟ್ಟದ್ದು ಇಲ್ಲಿಯೇ. ಆ ಚರಿತ್ರೆಯನ್ನು ಓದಿಕೊಂಡೇ ಒಳಹೋಗಬೇಕೆಂದು ಮಕ್ಕಳಿಗೆ ಹೇಳಿದ್ದೆ.

ಸ್ಟೇಷನ್ನುಗಳ ನಡುವೆ ಬಹುಪಾಲು ಕಡೆ ರಸ್ತೆಗೆ ಬೇಲಿಯಿಲ್ಲ. ಹಿಣಿಲಿರುವ ಬ್ರಾಹ್ಮನ್ ದನಗಳು ಮುಸ್ಸಂಜೆಯಲ್ಲಿ ದಾರಿಗೆ ಬರುತ್ತವೆ. ಗೀರ್, ಓಂಗೋಲ್ ಮತ್ತು ನಮ್ಮ ಕೃಷ್ಣಾ ವ್ಯಾಲಿ ತಳಿಗಳ ರಕ್ತ ಅವುಗಳಲ್ಲಿದೆ ಎಂಬುದನ್ನು ನೆನೆದು ನನಗೆ ಬಹಳ ಸಂತೋಷವಾಯಿತು. ಅವುಗಳ ದೆಸೆಯಿಂದಲೇ ಹೊತ್ತು ಇಳಿಯುವ ಮುನ್ನ ಡೇರೆ ಹಾಕುವುದನ್ನು ನಿಯಮ ಮಾಡಿಕೊಂಡೆವು. ಗೇಟು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಟ್ಟು ಹೋಗಬೇಕು. ಎದುರಿಗೆ ರೋಡ್ ಟ್ರೇನ್, ಅಂದರೆ ಹಲವು ಟ್ರೈಲರುಗಳನ್ನು ಎಳೆಯುವ ಲಾರಿ, ಬಂದರೆ ಎಡಕ್ಕೆ ಸರಿದು, ಧೂಳು ತಗ್ಗುವವರೆಗೂ ನಿಲ್ಲುವುದು ಲೇಸು.

ಪೂರ್ವದ ತುದಿಯಲ್ಲಿ ಕಾಕ್‌ಬರ್ನ್ ಬೆಟ್ಟಸಾಲಿನ ಕೆಳಗೆ ಪೆಂಟೆಕೋಸ್ಟ್ ನದಿ ಅಡ್ಡ ಬರುತ್ತದೆ. ಬೇರೆ ಹೊಳೆಗಳಲ್ಲಿ ಮೊದಲು ನಡೆದು ಆಳ ನೋಡುವುದು ವಾಡಿಕೆಯಾದರೂ, ಇಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ನೀರಿಗೆ ಕಾಲಿಡಲೇಬಾರದು. ಮುಂದಿನ ವಾಹನದ ಚಕ್ರ ಎಷ್ಟು ಮುಳುಗುತ್ತದೆಂದು ದಡದಿಂದಲೇ ಗಮನಿಸಿ, ಲೋ ರೇಂಜಿನ (ವೇಗ ಕಡಿಮೆ, ಎಳೆತ ಹೆಚ್ಚು) ಎರಡನೆಯ ಗೇರಿನಲ್ಲಿ, ನಡುವೆ ಗೇರು ಬದಲಿಸದೆ, ಒಂದೇ ವೇಗದಲ್ಲಿ ದಾಟಿದೆವು. ಅಲ್ಲಿನ ಮಳೆಗಾಲದಲ್ಲಿ, ಅಂದರೆ ಸುಮಾರು ನವೆಂಬರಿನಿಂದ ಏಪ್ರಿಲ್‌ವರೆಗೆ, ಈ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ; ಹೊಸಬರು ಜೂನ್ ಅಥವಾ ಜುಲೈಯಲ್ಲಿ ಹೋದರೆ ನದಿಯೂ ತಗ್ಗಿರುತ್ತದೆ, ಕಂದರಗಳಲ್ಲಿ ನೀರೂ ಉಳಿದಿರುತ್ತದೆ.