ನಾಯಿಮರಿಯ ಕಿವಿ ಕತ್ತರಿಸಬೇಕೇ, ಬೇಡವೇ? ತೀರ್ಮಾನಕ್ಕೆ ಬರುವುದು ಹೀಗೆ

ಡಾಬರ್ಮನ್, ಗ್ರೇಟ್ ಡೇನ್, ಬಾಕ್ಸರ್, ಕೇನ್ ಕೊರ್ಸೊ. ಹೆಸರು ಕೇಳಿದ ಕೂಡಲೇ ನೆಟ್ಟಗೆ ನಿಂತ ಚೂಪು ಕಿವಿ ಕಣ್ಣ ಮುಂದೆ ಬರುತ್ತದೆ ಅಲ್ವಾ? ಆದರೆ ಇವೆಲ್ಲ ಹುಟ್ಟಿನಿಂದ ಜೋಲುಕಿವಿಯ ನಾಯಿಗಳು. ಮರಿಗೆ ಎರಡು ತಿಂಗಳು ಆಗುವ ಹೊತ್ತಿಗೆ ಕಿವಿಯ ಒಂದು ಭಾಗವನ್ನು ಕತ್ತರಿಸಿ, ಅಂಚು ಹೊಲಿದು, ಆಮೇಲೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಟೇಪು ಸುತ್ತಿ ನಿಲ್ಲಿಸಿದ ಕಿವಿ ಅದು. ಇದನ್ನೇ ಇಯರ್ ಕ್ರಾಪಿಂಗ್ ಅನ್ನುತ್ತಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ಸಾಕುವ ನಾಯಿಗೆ ಇದು ಬೇಡ. ಆದರೆ ಸುಮ್ನೆ ಬೇಡ ಅಂದುಬಿಟ್ಟರೆ ಯಾರಿಗೂ ಉಪಯೋಗವಿಲ್ಲ. ಯಾವುದನ್ನು ಮೊದಲು ವಿಚಾರಿಸಬೇಕು, ಯಾವುದನ್ನು ಆಮೇಲೆ, ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಓದಿ, ಆಮೇಲೆ ನೀವೇ ನಿರ್ಧರಿಸಿ.

ಮೊದಲು: ಮರಿ ಮನೆಗೆ ಬರುವ ಮುಂಚೆಯೇ ಯೋಚಿಸಿ

ತುಂಬಾ ಜನ ಎಡವುವುದು ಇಲ್ಲೇ. ಮರಿ ಬರಲಿ, ಆಮೇಲೆ ನೋಡೋಣ ಅಂದುಕೊಳ್ಳುತ್ತಾರೆ. ಈ ಶಸ್ತ್ರಚಿಕಿತ್ಸೆ ಮಾಡುವುದು ಸಾಮಾನ್ಯವಾಗಿ 7ರಿಂದ 12 ವಾರಗಳ ನಡುವೆ. ಮರಿ ತಾಯಿಯನ್ನು ಬಿಟ್ಟು ಹೊಸ ಮನೆಗೆ ಹೋಗುವುದೂ ಹೆಚ್ಚುಕಡಿಮೆ 8ನೇ ವಾರಕ್ಕೆ. ಅಂದರೆ ನೀವು ತೀರ್ಮಾನ ಮಾಡುವ ಮೊದಲೇ ಬ್ರೀಡರ್, ಅಂದರೆ ಮರಿ ಮಾಡಿಸಿ ಮಾರುವವರು, ಕತ್ತರಿಸಿಬಿಟ್ಟಿರಬಹುದು. ಮರಿಗೆ ಮುಂಗಡ ಕೊಡುವ ದಿನವೇ "ಕಿವಿ ಮುಟ್ಟಬೇಡಿ" ಎಂದು ಬಾಯಲ್ಲಿ ಹೇಳಿ, ಬರವಣಿಗೆಯಲ್ಲೂ ತೆಗೆದುಕೊಳ್ಳಿ. ಕತ್ತರಿಸಿದ ಕಿವಿ ಮತ್ತೆ ಬೆಳೆಯುವುದಿಲ್ಲ. ಬಿಟ್ಟ ಕಿವಿಯಿಂದ ಯಾವ ನಷ್ಟವೂ ಇಲ್ಲ.

ಕಾನೂನು ಏನು ಹೇಳುತ್ತದೆ?

ನೀವಿರುವ ದೇಶದಲ್ಲಿ ಇದು ಅಪರಾಧವಾಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಇದು ಅಪರಾಧ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜರ್ಮನಿಯಲ್ಲೂ ನಿಷೇಧವಿದೆ. ಸಾಕುಪ್ರಾಣಿಗಳ ರಕ್ಷಣೆಗಾಗಿ 1987ರಲ್ಲಿ ಆದ ಯುರೋಪಿನ ಒಪ್ಪಂದವೂ ಬರೀ ಅಂದಕ್ಕಾಗಿ ಕಿವಿ ಕತ್ತರಿಸುವುದನ್ನು ಬೇಡ ಅನ್ನುತ್ತದೆ. ಅಮೆರಿಕದಲ್ಲಿ ಹೆಚ್ಚಿನ ಕಡೆ ಕಾನೂನು ತಡೆಯುವುದಿಲ್ಲ, ಆದರೆ ಅಲ್ಲಿನ ಪಶುವೈದ್ಯರ ಸಂಘವೇ ಅಂದಕ್ಕಾಗಿ ಮಾಡುವ ಕಿವಿ ಕತ್ತರಿಕೆಯನ್ನು ವಿರೋಧಿಸುತ್ತದೆ. ನಿಮ್ಮಲ್ಲಿನ ನಿಯಮ ಏನೆಂದು ಬ್ರೀಡರ್‌ನನ್ನು ಕೇಳಬೇಡಿ, ಪಶುವೈದ್ಯರನ್ನು ಕೇಳಿ.

ಶ್ವಾನ ಪ್ರದರ್ಶನಕ್ಕೆ ಬೇಕೇಬೇಕು ಅನ್ನುವವರೂ ಇದ್ದಾರೆ. ತಳಿಗಳ ನಿಯಮ ನಿಗದಿ ಮಾಡುವ ಅಮೆರಿಕನ್ ಕೆನಲ್ ಕ್ಲಬ್‌ನಲ್ಲಿ ಗ್ರೇಟ್ ಡೇನ್ ಮತ್ತು ಬಾಕ್ಸರ್‌ಗೆ ಎರಡೂ ಬಗೆಯ ಕಿವಿ ನಡೆಯುತ್ತದೆ. ಬ್ರಿಟನ್ನಿನ ಕೆನಲ್ ಕ್ಲಬ್ ಅಂತೂ ಕಿವಿ ಕತ್ತರಿಸಿದ ನಾಯಿಯನ್ನು ಪ್ರದರ್ಶನಕ್ಕೆ ಸೇರಿಸಿಕೊಳ್ಳುವುದೇ ಇಲ್ಲ.

ಯಾಕೆ ಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ

ಇದೇ ಮುಖ್ಯವಾದ ಹೆಜ್ಜೆ. ಕಾರಣಗಳನ್ನು ಒಂದೊಂದಾಗಿ ಎತ್ತಿ ನೋಡಿ.

ಹಿಂದೆ ಇದಕ್ಕೊಂದು ಕಾರಣ ಇದ್ದದ್ದು ನಿಜ. ಗ್ರೇಟ್ ಡೇನ್‌ನ ಪೂರ್ವಜರು ಕಾಡುಹಂದಿ ಬೇಟೆಗೆ ಹೋಗುತ್ತಿದ್ದವು. ಜೋಲುಕಿವಿ ಇದ್ದರೆ ಹಂದಿಯ ಕೋರೆಗೆ ಸಿಕ್ಕಿ ಹರಿದುಹೋಗುತ್ತಿತ್ತು. ಮಂದೆ ಕಾಯುವ ನಾಯಿಗಳಿಗೆ ತೋಳದ ಹಲ್ಲಿನ ಭಯ ಇತ್ತು. ನಿಮ್ಮ ನಾಯಿ ಸೋಫಾ ಪಕ್ಕ ಮಲಗುತ್ತದೆ, ಅದಕ್ಕೆ ಈ ಎರಡೂ ಭಯ ಇಲ್ಲ.

ಜಾಸ್ತಿ ಕೇಳಿಬರುವ ಮಾತು ಕಿವಿಸೋಂಕಿನದು. "ಕಿವಿ ನಿಂತರೆ ಗಾಳಿಯಾಡುತ್ತದೆ, ಸೋಂಕು ಬರುವುದಿಲ್ಲ" ಅನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಟ್ಟಿನಿಂದ ನಿಮಿರುಕಿವಿ ಇರುವ ತಳಿಗಳಿಗಿಂತ ಜೋಲುಕಿವಿಯ ತಳಿಗಳಲ್ಲಿ ಸೋಂಕು ತುಸು ಹೆಚ್ಚು ಕಾಣಿಸಿಕೊಳ್ಳುತ್ತದೆ, ನಿಜ. ಆದರೆ ಪದೇ ಪದೇ ಕಿವಿಸೋಂಕು ಬರುವ ನಾಯಿಗಳಲ್ಲಿ ಮೂಲ ಕಾರಣ ಹೆಚ್ಚಾಗಿ ಚರ್ಮದ ಅಲರ್ಜಿ. ಅದರ ಜೊತೆಗೆ ಕಿವಿಯ ನಾಳದೊಳಗೆ ಉಳಿದ ನೀರು, ಹುಳ, ಹೊರಗಿನಿಂದ ಹೊಕ್ಕ ಹುಲ್ಲಿನ ಚೂರು. ಕತ್ತರಿಸುವುದು ಹೊರಗಿನ ಹಾಳೆಯನ್ನು ಮಾತ್ರ, ಅಲರ್ಜಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಇನ್ನೊಂದು ವಿಷಯ ಗಮನಿಸಿ. ಕಿವಿಸೋಂಕಿಗೆ ಹೆಸರಾದ ಕಾಕರ್ ಸ್ಪ್ಯಾನಿಯಲ್, ಬ್ಯಾಸೆಟ್ ಹೌಂಡ್ ಮುಂತಾದ ತಳಿಗಳ ಕಿವಿಯನ್ನು ಯಾರೂ ಕತ್ತರಿಸುವುದಿಲ್ಲ. ಆರೋಗ್ಯವೇ ಕಾರಣವಾಗಿದ್ದರೆ ಮೊದಲು ಅವುಗಳ ಕಿವಿಗೆ ಕತ್ತರಿ ಬೀಳಬೇಕಿತ್ತು.

ಚೆನ್ನಾಗಿ ಕೇಳಿಸುತ್ತದೆ ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ನಾಯಿ ಕಿವಿಯಲ್ಲೇ ಎಷ್ಟೋ ಮಾತಾಡುತ್ತದೆ: ಹೆದರಿದರೆ ಹಿಂದಕ್ಕೆ ಒತ್ತುತ್ತದೆ, ಕುತೂಹಲವಾದರೆ ಮುಂದಕ್ಕೆ ತರುತ್ತದೆ, ಖುಷಿಯಾದರೆ ಸಡಿಲ ಬಿಡುತ್ತದೆ. ಕತ್ತರಿಸಿದ ಮೇಲೆ ಅದನ್ನು ಬೇರೆ ನಾಯಿಗಳು ಓದುವುದು ಕಷ್ಟವಾಗಬಹುದು.

ಇಷ್ಟೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ಒಂದೇ: ನೋಡೋಕೆ ಗತ್ತಾಗಿರುತ್ತದೆ. ಅದು ನಮ್ಮ ಆಸೆ, ನಾಯಿಯದ್ದಲ್ಲ. ನೋವು ಮಾತ್ರ ಪೂರ್ತಿ ನಾಯಿಯದ್ದು.

ಏನೇನು ನಡೆಯುತ್ತದೆ, ಸರಿಯಾಗಿ ತಿಳಿದುಕೊಳ್ಳಿ

ಮರಿಗೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಕಿವಿಯ ಚರ್ಮವನ್ನೂ ಒಳಗಿನ ಮೆದು ಎಲುಬನ್ನೂ ಅಳತೆ ಹಾಕಿ ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕುತ್ತಾರೆ. ಹೊಲಿಗೆ ಬಿಚ್ಚುವುದು ಸುಮಾರು 10ರಿಂದ 14 ದಿನಕ್ಕೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ ತಪ್ಪು, ನಿಮ್ಮ ಕೆಲಸ ಶುರುವಾಗುವುದೇ ಆಗ. ಕಿವಿ ತಾನಾಗಿ ನಿಲ್ಲುವುದಿಲ್ಲ. ಒಳಗೆ ಆಸರೆ ಇಟ್ಟು ಟೇಪು ಸುತ್ತಬೇಕು, ಕೆಲವು ದಿನಕ್ಕೊಮ್ಮೆ ಬಿಚ್ಚಿ, ಒರೆಸಿ, ಒಣಗಿಸಿ, ಗಾಯ ನೋಡಿ, ಮತ್ತೆ ಸುತ್ತಬೇಕು. ಮಳೆಯಲ್ಲಿ ನೆನೆಯುವ ಹಾಗಿಲ್ಲ, ಬೇರೆ ಮರಿಗಳ ಜೊತೆ ಕಿತ್ತಾಡಿ ಆಡುವ ಹಾಗಿಲ್ಲ, ಕೆರೆದುಕೊಳ್ಳದಂತೆ ಕುತ್ತಿಗೆಗೆ ಕೋನ್ ಬೇರೆ. ಗ್ರೇಟ್ ಡೇನ್‌ನಂಥ ದೊಡ್ಡ, ಭಾರವಾದ ಕಿವಿಗೆ, ಅದರಲ್ಲೂ ಪ್ರದರ್ಶನಕ್ಕಾಗಿ ಉದ್ದವಾಗಿ ಉಳಿಸಿ ಕತ್ತರಿಸಿದ ಕಿವಿಗೆ, ಇದು ತಿಂಗಳುಗಟ್ಟಲೆ ಎಳೆಯುತ್ತದೆ. ನಾಲ್ಕೈದು ತಿಂಗಳಿಗೆ ಹಲ್ಲು ಬದಲಾಗುವಾಗ ನಿಂತಿದ್ದ ಕಿವಿ ಮತ್ತೆ ಬಾಗುವುದೂ ಉಂಟು. ಎಷ್ಟು ಮಾಡಿದರೂ ಒಂದು ನಿಂತು ಒಂದು ಬೀಳಬಹುದು, ಕೀವಾಗಬಹುದು, ಗಾಯದ ಕಲೆ ಎಳೆದು ಕಿವಿ ಸೊಟ್ಟಗಾಗಬಹುದು.

ನನಗೆ ಜಾಸ್ತಿ ಬೇಸರ ತರುವುದು ಈ ವಯಸ್ಸು. ಹೆಚ್ಚುಕಡಿಮೆ 3ರಿಂದ 14 ವಾರದ ನಡುವೆ ಮರಿ ಲೋಕವನ್ನು ಕಲಿಯುತ್ತದೆ. ಹೊಸ ಜನ, ಹೊಸ ಸದ್ದು, ಮನುಷ್ಯನ ಕೈ ತಲೆ ಮುಟ್ಟಿದರೆ ಹಿತವೋ ನೋವೋ, ಎಲ್ಲವನ್ನೂ ಆಗಲೇ ತಿಳಿಯುತ್ತದೆ. ಅದೇ ವಾರಗಳಲ್ಲಿ ತಲೆ ಮುಟ್ಟಿದಾಗಲೆಲ್ಲ ನೋವಾದರೆ? ನಲವತ್ತು, ಐವತ್ತು ಕಿಲೋ ತೂಗಲಿರುವ ನಾಯಿ ಕೈ ಕಂಡರೆ ಹಿಂಜರಿಯುವುದನ್ನು ಕಲಿಯಬಾರದು.

ಇಷ್ಟಾದರೂ ಮಾಡಿಸುವುದಾದರೆ

ಕಾನೂನು ಒಪ್ಪುವ ಕಡೆ ಮಾತ್ರ, ಪಶುವೈದ್ಯರಿಂದ ಮಾತ್ರ. ಬ್ರೀಡರ್ ಮನೆಯಲ್ಲೇ ಕತ್ತರಿ ಹಿಡಿದು "ಎರಡೇ ನಿಮಿಷ" ಅಂದರೆ ಮರಿಯನ್ನು ಎತ್ತಿಕೊಂಡು ಹೊರಡಿ. ಅದು ಕ್ರೌರ್ಯ, ಬೇರೆ ಹೆಸರಿಲ್ಲ.

ವೈದ್ಯರನ್ನು ಕೇಳಬೇಕಾದ್ದು: ಈ ತಳಿಯ ಎಷ್ಟು ನಾಯಿಗಳಿಗೆ ಮಾಡಿದ್ದೀರಿ, ಅರಿವಳಿಕೆಯ ಹೊತ್ತಲ್ಲಿ ಉಸಿರು ಮತ್ತು ಎದೆಬಡಿತ ಯಾರು ನೋಡುತ್ತಾರೆ, ನೋವಿಗೆ ಏನು ಕೊಡುತ್ತೀರಿ, ಎಷ್ಟು ದಿನ ಕೊಡುತ್ತೀರಿ, ಕಿವಿ ನಿಲ್ಲದಿದ್ದರೆ ಮುಂದೇನು. ಡಾಬರ್ಮನ್ ಆದರೆ ಇನ್ನೊಂದು ಪ್ರಶ್ನೆ ತಪ್ಪಿಸಲೇಬೇಡಿ. ಈ ತಳಿಯಲ್ಲಿ ವಾನ್ ವಿಲ್ಲೆಬ್ರಾಂಡ್ ಎಂಬ ಕಾಯಿಲೆ ಸಾಮಾನ್ಯ, ಅದಿದ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದರ ಪರೀಕ್ಷೆ ಆಗದೆ ಕತ್ತರಿ ಮುಟ್ಟಿಸಬೇಡಿ. ಟೇಪಿನ ಒಳಗಿಂದ ಕೆಟ್ಟ ವಾಸನೆ, ಒದ್ದೆ, ಊತ, ಅಥವಾ ಮರಿ ಊಟ ಬಿಟ್ಟು ತಲೆ ಒಂದೇ ಕಡೆ ವಾಲಿಸುವುದು ಕಂಡರೆ ಮರುದಿನಕ್ಕೆ ಬಿಡದೆ ಅಂದೇ ತೋರಿಸಿ.

ಮರಿ ಹನ್ನೆರಡು ವಾರ ದಾಟಿದೆಯಾ? ಹಾಗಾದರೆ ಆ ವಿಚಾರ ಬಿಟ್ಟುಬಿಡಿ. ಕಿವಿಯ ಮೆದು ಎಲುಬು ಆಗಲೇ ಗಟ್ಟಿಯಾಗತೊಡಗಿರುತ್ತದೆ. ಕಿವಿ ನಿಲ್ಲುವ ಸಾಧ್ಯತೆ ಕಡಿಮೆ, ನೋವು ಜಾಸ್ತಿ. ಬೆಳೆದ ನಾಯಿಗಂತೂ ಬೇಡವೇ ಬೇಡ.

ಇನ್ನು ಈಗಾಗಲೇ ಕಿವಿ ಕತ್ತರಿಸಿದ ನಾಯಿಯನ್ನು ದತ್ತು ತಂದವರಿದ್ದೀರಿ. ದಾರಿಯಲ್ಲಿ ಸಿಕ್ಕವರೆಲ್ಲ ಬೈದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ನಿಮ್ಮ ತೀರ್ಮಾನ ಆಗಿರಲಿಲ್ಲ.

ಕಿವಿ ಹಾಗೇ ಬಿಟ್ಟರೆ ನೋಡಿಕೊಳ್ಳುವುದು ಹೇಗೆ

ವಾರಕ್ಕೊಮ್ಮೆ ಕಿವಿ ಎತ್ತಿ ಒಳಗೆ ನೋಡಿ, ಮೂಸಿ. ಆರೋಗ್ಯವಾದ ಕಿವಿ ನಸುಗೆಂಪಾಗಿ ಒಣಗಿರುತ್ತದೆ, ವಾಸನೆ ಬರುವುದಿಲ್ಲ. ನಾಯಿಯ ಕಿವಿನಾಳ ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹಾಗಾಗಿ ಕಡ್ಡಿಗೆ ಹತ್ತಿ ಸುತ್ತಿ ತೂರಿಸಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ವೈದ್ಯರು ಹೇಳಿದ ದ್ರಾವಣ ಹಾಕಿ, ಕಿವಿಯ ಬುಡ ನಿಧಾನವಾಗಿ ಒತ್ತಿ, ಅದು ತಲೆ ಕೊಡವಿದ ಮೇಲೆ ಹೊರಬಂದದ್ದನ್ನು ಮಾತ್ರ ಹತ್ತಿಯಿಂದ ಒರೆಸಿ. ಸ್ನಾನವಾದ ಮೇಲೆ, ಈಜಿದ ಮೇಲೆ ಒಣಗಿಸಿ. ನಾಯಿ ಪದೇ ಪದೇ ತಲೆ ಕೊಡವುತ್ತಿದ್ದರೆ ತಡ ಮಾಡಬೇಡಿ. ಜೋರಾಗಿ ಕೊಡವಿ ಕಿವಿಯ ಒಳಗೆ ರಕ್ತನಾಳ ಒಡೆದರೆ ಹಾಳೆ ಬಲೂನಿನಂತೆ ಊದಿಕೊಳ್ಳುತ್ತದೆ. ಆಗ ಊತವನ್ನಷ್ಟೇ ಇಳಿಸಿದರೆ ಸಾಲದು, ತುರಿಕೆ ಯಾಕೆ ಬಂತು ಅನ್ನುವುದನ್ನೂ ಹುಡುಕಿಸಿ.